ಕಂಪ್ಯೂಟರಿಗೂ ಒಂದು ಹೆಪ್ಪು

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಕೌದಿ ಇದೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಾನು ಹೇಳುವುದಕ್ಕೆ ಅಡ್ಡಿಯಾಗುವುದು ಬೇಡ. ಹೆಂಡತಿಯ ನಾಲ್ಕು ಹಳೆಯ ಸೀರೆ, ನನ್ನದೊಂದು ಧೋತರ, ಕೊರಳಪಟ್ಟಿ ಸವೆದ ಎರಡು ಅಂಗಿ ಸೇರಿ ಆದ ಕೌದಿ ಅದು. ಮಾನಿಟರಿಗೆ ಬೇರೆ, ಕೆಳಗಿನ ಡಬ್ಬಿಗೆ ಬೇರೆ, ಕೀಲಿಮಣೆಗೆ ಒಂದು ಸಣ್ಣದು, ಹೀಗೆ ಮೂರು ತುಂಡು. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಮೂರೂ ಕೈಗೆ ಸಿಕ್ಕವು. ಈಗ ಅವನ್ನು ಹೊದಿಸುವುದಿಲ್ಲ. ಎಸೆಯುವುದೂ ಆಗಿಲ್ಲ.

ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನು. ಹುಟ್ಟಿ ಬೆಳೆದದ್ದು ದೇವದುರ್ಗ. ಹೆಂಡತಿ ಹುಲಿಗೆಮ್ಮ ಮಾನ್ವಿ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. ಕೌದಿ ಹೊಲಿದವರು ಅವಳ ತಾಯಿ ದ್ಯಾವಮ್ಮ. ಮಾನ್ವಿ ತಾಲೂಕಿನ ತಮ್ಮ ಹಳ್ಳಿಯಲ್ಲಿ, ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಬಾಳೆಲ್ಲ ಸೂಲಗಿತ್ತಿಯಾಗಿದ್ದವರು. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಲು ನಮ್ಮಲ್ಲಿಗೆ ಬಂದು ಆ ಬೇಸಿಗೆ ಪೂರ್ತಿ ಉಳಿದರು. ಪಟ್ಟಿ ಬಿಚ್ಚಿ ಮನೆಗೆ ಬಂದಾಗ ಅವರ ಹೊಸ ಕಣ್ಣಿಗೆ ಮೊದಲು ಬಿದ್ದದ್ದು ಕಂಪ್ಯೂಟರಿನ ಮೇಲಿನ ಧೂಳು.

"ಯಪ್ಪಾ ಮಾಸ್ತರಪ್ಪ, ಇದು ಎಷ್ಟು ವರ್ಷದ್ದು?"

"ಎಂಟು ವರ್ಷ ಆತ್ರೀ ಅತ್ತಿ."

"ಎಂಟು ವರ್ಷದಿಂದ ಮೈಮ್ಯಾಗ ಒಂದು ಅರಿಬಿ ಇಲ್ದಂಗ ಕುಂದ್ರಿಸೀರಲ್ಲೋ!"

ಮರುದಿನವೇ ಸೂಜಿ ದಾರ ಹಿಡಿದು ಕೂತರು. ಡಬ್ಬಿಯ ಬೆನ್ನಿನ ತೂತಿನಿಂದ ಗಾಳಿ ಬರುತ್ತಿದ್ದುದು ಅವರಿಗೆ ಸರಿಬರಲಿಲ್ಲ. ಬೆನ್ನಿಗೆ ಗಾಳಿ ತಾಕಿದ ಕೂಸುಗಳ ಗತಿ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ತಾಲೂಕಿನಲ್ಲಿ ಇರಲಿಲ್ಲ. ಆದ್ದರಿಂದ ಬೆನ್ನಿನ ಕಡೆಗೆ ಎರಡು ಪದರ ಹೆಚ್ಚು ಹಾಕಿ, ಕಟ್ಟಿಕೊಳ್ಳಲು ಲಾಡಿ ಇಟ್ಟು ಹೊಲಿದರು. ಬಟನ್ ಒತ್ತಲು ಮುಂದೆ ಮಾತ್ರ ಮುಖದಷ್ಟು ಜಾಗ ಬಿಟ್ಟಿದ್ದರು. ನಾವು ಕಂಪ್ಯೂಟರ್ ಚಾಲೂ ಇರುವಾಗಲೂ ಲಾಡಿ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಅವರು ಬಂದು ಮತ್ತೆ ಕಟ್ಟುತ್ತಿದ್ದರು. ಅವರು ಊರಿಗೆ ಹೋದ ಮೇಲೂ ಅದೇ ರೂಢಿ ಉಳಿಯಿತು. ರಾಯಚೂರಿನ ಬೇಸಿಗೆಯಲ್ಲಿ ಮನುಷ್ಯರು ಮೈಮೇಲಿನ ಅಂಗಿಯೇ ಭಾರವೆನ್ನುವಾಗ ನಮ್ಮ ಕಂಪ್ಯೂಟರ್ ಮೂರು ಪದರ ಕೌದಿ ಹೊದ್ದು ಕೂತಿರುತ್ತಿತ್ತು. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಅತ್ತೆ ಕೈಯಿಟ್ಟು ನೋಡಿ, "ಈಗ ಚಲೋ ಅದ" ಎನ್ನುತ್ತಿದ್ದರು. ಸರಕಾರದ ಖರ್ಚಿನಲ್ಲಿ ಮೂರು ದಿನ ಕಂಪ್ಯೂಟರ್ ತರಬೇತಿ ಪಡೆದಿದ್ದ ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಅದೇ ಬೇಸಿಗೆಯಲ್ಲಿ ಹುಲಿಗೆಮ್ಮನಿಗೆ ತಾಯಿ ಮಾಡಿಸಿದ ಹೆರಿಗೆಗಳನ್ನೆಲ್ಲ ಬರೆದಿಡುವ ಮನಸ್ಸಾಯಿತು. ಅತ್ತೆಗೆ ಓದು ಬರಹ ಬಾರದು. ಎಲ್ಲವೂ ತಲೆಯಲ್ಲಿ. ಯಾರ ಮನೆ, ಯಾವ ಮಳೆ, ಹೊಲದಲ್ಲಿ ಆಗ ಏನು ಬೆಳೆ ನಿಂತಿತ್ತು, ಕೂಸು ಅತ್ತದ್ದು ಬೇಗನೋ ತಡವೋ, ತಮಗೆ ಸೇರು ಜೋಳ ಕೊಟ್ಟರೋ ಕುಬಸದ ಕಣ ಕೊಟ್ಟರೋ, ಎಲ್ಲ. ಫೋನಿನಲ್ಲಿ ದನಿ ಹಿಡಿದಿಡೋಣ ಎಂದರೆ ಒಪ್ಪಲಿಲ್ಲ. "ಅದು ಸುಮ್ಕ ಕುಂತಿರ್ತದ, ಕೇಳಾಕತ್ತದೋ ಇಲ್ಲೋ ಹೆಂಗ ಗೊತ್ತಾಗಬೇಕು?" ಕೀಲಿಮಣೆ ಮಾತ್ರ ಅವರ ಮನಸ್ಸಿಗೆ ಹಿಡಿಸಿತ್ತು. ಟಕಟಕ ಸದ್ದು ಬಂದರೆ ಮಗಳು ಬರೆದುಕೊಳ್ಳುತ್ತಿದ್ದಾಳೆ ಎಂದು ಖಾತ್ರಿ. ಸದ್ದು ನಿಂತರೆ ಅವರೂ ನಿಲ್ಲಿಸುತ್ತಿದ್ದರು. ಊರಿಗೆ ಹೋದ ಮೇಲೂ ಪ್ರತಿ ಭಾನುವಾರ ಫೋನ್ ಮಾಡಿ ಹೇಳುತ್ತಿದ್ದರು, ಹುಲಿಗೆಮ್ಮ ಕೀಲಿಮಣೆಯ ಪಕ್ಕದಲ್ಲೇ ಫೋನ್ ಇಟ್ಟುಕೊಳ್ಳಬೇಕಾಗಿತ್ತು.

ಇದರ ಬೆಲೆ ನಿಮಗೆ ತಿಳಿಯಬೇಕಾದರೆ ನಮ್ಮ ಕಡೆಯ ಜನ ಹುಟ್ಟುವ ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ನನ್ನ ವಯಸ್ಸಿನವರೆಲ್ಲ ಹುಟ್ಟಿದ್ದು ಜೂನ್ ಒಂದನೇ ತಾರೀಕು. ಶಾಲೆಗೆ ಹೆಸರು ಹಚ್ಚಲು ಅಪ್ಪ ಕೈಹಿಡಿದು ಕರೆದೊಯ್ಯುತ್ತಿದ್ದ. ಮಾಸ್ತರರು ಹುಟ್ಟಿದ ದಿನ ಕೇಳಿದರೆ, "ದೊಡ್ಡ ಎತ್ತು ತೀರಿದ ವರ್ಷ" ಎನ್ನುತ್ತಿದ್ದ. ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಕಿವಿ ಸಿಕ್ಕರೆ ವಯಸ್ಸು ಆಗಿದೆ ಎಂದು ಅರ್ಥ, ಜೂನ್ ಒಂದು ಬರೆದುಬಿಡುತ್ತಿದ್ದರು. ನನ್ನ ಕಿವಿ ಸ್ವಲ್ಪ ದೊಡ್ಡದು, ಹೀಗಾಗಿ ಒಂದು ವರ್ಷ ಮೊದಲೇ ಶಾಲೆ ಸೇರಿದೆ, ಒಂದು ವರ್ಷ ಮೊದಲೇ ನಿವೃತ್ತನಾಗುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಆರು ಜನ ಒಂದೇ ದಿನ ಹುಟ್ಟಿದವರಿದ್ದೇವೆ. ಆ ದಿನ ಯಾರೂ ಯಾರಿಗೂ ಶುಭಾಶಯ ಹೇಳುವುದಿಲ್ಲ.

ಇಂಥ ನಾಡಿನಲ್ಲಿ ಅತ್ತೆ ಒಂದು ದಫ್ತರ ಇದ್ದಂತೆ. ಮೀಸೆ ಬೆಳ್ಳಗಾದವರು ಕೂಡ ಅವರ ಕಟ್ಟೆಗೆ ಬಂದು, "ಯವ್ವಾ, ನಾ ಯಾವ ಮಳ್ಯಾಗ ಹುಟ್ಟೀನಿ?" ಎಂದು ಕೇಳಿ ಹೋಗುತ್ತಿದ್ದರು. ಅವರು ಒಂದು ಗಳಿಗೆಯೂ ತಡವರಿಸುತ್ತಿರಲಿಲ್ಲ. "ಉತ್ತರಿ ಮಳಿ. ನಿಮ್ಮವ್ವ ಸಜ್ಜಿ ಕೊಯ್ಯಾಕ ಹೊಂಟಿದ್ಳು, ನಾನೇ ತಿರುಗಿ ಕರಕೊಂಡು ಬಂದೆ" ಎನ್ನುತ್ತಿದ್ದರು. ಕೇಳಿದವರು ಏನನ್ನೋ ಗಳಿಸಿದವರಂತೆ ಎದ್ದು ಹೋಗುತ್ತಿದ್ದರು.

ಈಗ ನನ್ನ ತರಬೇತಿಗೆ ಬರುತ್ತೇನೆ. ಮೂರು ದಿನದಲ್ಲಿ ಎರಡು ದಿನ ಕರೆಂಟು ಇರಲಿಲ್ಲ. ಮೂರನೆಯ ದಿನ ಕಲಿಸಿದ್ದು ಬ್ಯಾಕಪ್. ಫೈಲುಗಳನ್ನಷ್ಟೇ ನಕಲು ಮಾಡಿಟ್ಟರೆ ಸಾಲದು, ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಅದು ಇದ್ದ ಹಾಗೆ, ಇದ್ದ ದಿನದ ಹಾಗೆ ಬೇರೊಂದು ಡಿಸ್ಕಿನಲ್ಲಿ ಎತ್ತಿಡಬೇಕು, ಕಂಪ್ಯೂಟರ್ ಕೆಟ್ಟರೆ ಅದರಿಂದ ಮತ್ತೆ ಇಳಿಸಿಕೊಳ್ಳಬೇಕು ಎಂದರು. ಮನೆಗೆ ಬಂದು ಹೆಂಡತಿಗೆ ವಿವರಿಸಿದೆ. ಅವಳು, "ಹೆಪ್ಪು ಇಟ್ಟಂಗ ಅನ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ನನ್ನ ಉತ್ಸಾಹ ಅಲ್ಲಿ ಸ್ವಲ್ಪ ಇಳಿಯಿತು. ಆದರೆ ಅವಳು ಹೇಳಿದ್ದು ನಿಜ. ದೇವದುರ್ಗದಲ್ಲಿ ನಮ್ಮವ್ವ ದಿನಾ ಸಂಜೆ ಹೆಪ್ಪಿಗೆಂದು ಒಂದು ಬಟ್ಟಲು ಮೊಸರನ್ನು ಓಣಿಯ ಯಾರ ಮನೆಗಾದರೂ ಕೊಡುತ್ತಿದ್ದಳು. ಅದು ಧಾರಾಳತನ ಎಂದು ನಾನು ತಿಳಿದಿದ್ದೆ. ಒಂದು ದಿನ ಬೆಕ್ಕು ನಮ್ಮ ಗಡಿಗೆಯನ್ನೇ ಉರುಳಿಸಿ ಹೋಯಿತು. ಅವ್ವ ಬೆಕ್ಕನ್ನು ಬೈಯುವುದು ಮುಗಿಸಿ ಖಾಲಿ ಬಟ್ಟಲು ಕೊಟ್ಟು ನನ್ನನ್ನು ಪಕ್ಕದ ಮನೆಗೆ ಅಟ್ಟಿದಳು. ಆ ಮನೆಯವರು, "ನಿಮ್ಮದ ನಿಮಗ" ಎಂದು ಹೆಪ್ಪು ಹಾಕಿ ಕಳಿಸಿದರು. ಮರುದಿನ ನಮ್ಮ ಮೊಸರು ಅದೇ ರುಚಿಯಲ್ಲಿ ತಿರುಗಿ ಬಂದಿತ್ತು. ಅವ್ವನಿಗೆ ಯಾವ ತರಬೇತಿಯೂ ಆಗಿರಲಿಲ್ಲ. ಹೆಪ್ಪನ್ನು ನಮ್ಮ ನೆಲುವಿನಲ್ಲೇ ಇಟ್ಟರೆ ಅದನ್ನೂ ಬೆಕ್ಕೇ ಕುಡಿಯುತ್ತದೆ ಎಂಬುದಷ್ಟೇ ಗೊತ್ತಿತ್ತು.

ಆದ್ದರಿಂದ ಆ ಬೇಸಿಗೆಯಲ್ಲೇ ನಾನೂ ಕಂಪ್ಯೂಟರಿನ ಹೆಪ್ಪು ತೆಗೆದೆ. ಬೆಳಗಿನಿಂದ ಸಂಜೆವರೆಗೆ ಹಿಡಿಯಿತು. ಅದನ್ನು ತುಂಬಿಸಿದ ಅಂಗೈಯಗಲದ ಕಪ್ಪು ಡಿಸ್ಕನ್ನು ಪಕ್ಕದ ಮನೆಯ ಖಾಜಾಬಿಯವರ ಕೈಗೆ ಕೊಟ್ಟೆ. ನಮ್ಮ ಮನೆಗೆ ಕಳ್ಳರು ಬಂದರೂ, ನಲ್ಲಿ ಒಡೆದು ನೀರು ನುಗ್ಗಿದರೂ ಇದು ಉಳಿಯಬೇಕು ಎಂದು ತಿಳಿಸಿ ಹೇಳಿದೆ. ಅವರು ಅದನ್ನು ಸೆರಗಿನಿಂದ ಒರೆಸಿ, "ಅಮಾನತ್ತು ಅಂದಂಗ ಆತು ಸರ್, ನಂಬಿ ಇಟ್ಟದ್ದು" ಎಂದು ಕಬ್ಬಿಣದ ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟರು. ಪ್ರತಿ ತಿಂಗಳು ಹೊಸ ಹೆಪ್ಪು ತೆಗೆಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಎರಡು ವರ್ಷದಲ್ಲಿ ನಾನು ಒಮ್ಮೆಯೂ ತೆಗೆಯಲಿಲ್ಲ. ಹುಲಿಗೆಮ್ಮ ಮಾತ್ರ ತಾನು ಬರೆದದ್ದನ್ನು ಪ್ರತಿ ಭಾನುವಾರ ಪೆನ್‌ಡ್ರೈವಿಗೆ ಹಾಕಿ ಒಡವೆಯ ಡಬ್ಬಿಯಲ್ಲಿ ಇಡುತ್ತಿದ್ದಳು. ಪ್ರಿಂಟ್ ತೆಗೆಸುತ್ತೇನೆ ಎಂದಾಗಲೆಲ್ಲ, ಎಲ್ಲ ಮುಗಿಯಲಿ, ಒಮ್ಮೆಲೇ ಚೆಂದಗೆ ತೆಗೆಸೋಣ ಎಂದು ತಡೆದವನು ನಾನೇ.

ಈ ವರ್ಷ ಬೇಸಿಗೆ ಬರುವ ಮೊದಲೇ ಭಾನುವಾರದ ಫೋನು ನಿಂತಿತು. ಊರಿನಲ್ಲಿ ಒಬ್ಬರು ಕಟ್ಟೆಗೆ ಬಂದು ಯಾವ ಮಳೆ ಎಂದು ಕೇಳಿದಾಗ ಅತ್ತೆ, "ನೀ ಯಾರ ಮಗ?" ಎಂದರಂತೆ. ಆಮೇಲೆ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಮೂರನೆಯ ಸಲವೂ ಬಿತ್ತು. ಹುಲಿಗೆಮ್ಮ ಹೋಗಿ ಡಾಕ್ಟರಿಗೆ ತೋರಿಸಿ ಬಂದಳು. ಅವಳು ನರ್ಸು, ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಅವ್ವ ಇನ್ನಾ ನನ್ನ ಗುರ್ತ ಹಿಡೀತಾಳ್ರೀ" ಎಂದಳು. "ಅಷ್ಟರಾಗ ಒಮ್ಮೆ ಎಲ್ಲಾ ಓದಿ ಹೇಳಬೇಕು. ಅವಳದು ಅವಳಿಗೆ ತಿರುಗಿ ಕೊಟ್ಟಂಗ ಆಗ್ತದ."

ಮುಂದಿನ ವಾರ ರಜೆ ಹಾಕಿ, ಪ್ರಿಂಟ್ ತೆಗೆಸಲೆಂದು ಕಂಪ್ಯೂಟರ್ ಚಾಲೂ ಮಾಡಿದಳು. ಕೌದಿಯೊಳಗೆ ಎರಡು ಸಲ ಕಟ್ ಕಟ್ ಎಂದಿತು. ಪರದೆ ಕಪ್ಪಾಯಿತು, ಮತ್ತೆ ಬೆಳಗಲಿಲ್ಲ.

ರಿಪೇರಿಯ ವೀರೇಶಪ್ಪ ನಮ್ಮ ಓಣಿಯವನೇ, ನನ್ನ ವಯಸ್ಸಿನವನು. ಬಂದವನು ಲಾಡಿ ಬಿಚ್ಚಿದ, ಒಂದೊಂದಾಗಿ ಪದರ ತೆಗೆದ, ಡಬ್ಬಿಯ ಬೆನ್ನಿನ ತೂತಿಗೆ ಬೆರಳಾಡಿಸಿ ನೋಡಿದ.

"ಇದಕ್ಕ ಇದನ್ನ ಯಾರ ಹೊದಿಸ್ಯಾರ್ರೀ?"

"ನಮ್ಮ ಅತ್ತಿಯವರು."

"ಹಿಂದಿನ ಫ್ಯಾನಿಗೂ?"

"ಗಾಳಿ ತಾಕಬಾರದು ಅಂತ."

ವೀರೇಶಪ್ಪ ನನ್ನ ಮುಖ ನೋಡಿದ. ನಾನು ತರಬೇತಿಯ ಮಾತು ಎತ್ತಲಿಲ್ಲ. "ಡಿಸ್ಕ್ ಬೆಂದು ಹೋಗ್ಯದ ಸರ್" ಎಂದ. ಹೊಸ ಡಿಸ್ಕ್ ಹಾಕಿ ಹೊಸ ವಿಂಡೋಸ್ ಹಾಕಿಕೊಟ್ಟ. ಹುಲಿಗೆಮ್ಮ ಧೈರ್ಯವಾಗಿದ್ದಳು, ಪೆನ್‌ಡ್ರೈವ್ ಇತ್ತಲ್ಲ. ಒಡವೆಯ ಡಬ್ಬಿಯಿಂದ ತೆಗೆದು ಹಚ್ಚಿದಳು. ಫೈಲು ಇತ್ತು, ತೆರೆಯಿತು. ಒಳಗೆ ಕನ್ನಡವೇ ಇರಲಿಲ್ಲ. ತಲೆಯ ಮೇಲೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು, ಯಾವುದೋ ದೇಶದ ರೊಕ್ಕದ ಗುರುತು, ಅರ್ಧ ಚಂದ್ರ, ಮೊಳೆ, ಕೊಕ್ಕೆ, ಪುಟದ ಮೇಲೆ ಪುಟ ಅದೇ.

ಆದದ್ದು ಇಷ್ಟು. ಕಂಪ್ಯೂಟರ್ ತಂದ ವರ್ಷ, ಲಗ್ನಪತ್ರಿಕೆ ಅಚ್ಚು ಹಾಕುವ ಒಬ್ಬರು ತಮ್ಮಲ್ಲಿದ್ದ ಕನ್ನಡ ಅಕ್ಷರಗಳನ್ನು ಅದರೊಳಗೆ ತುಂಬಿಸಿಕೊಟ್ಟಿದ್ದರು. ಹುಲಿಗೆಮ್ಮ ಎಲ್ಲವನ್ನೂ ಬರೆದದ್ದು ಆ ಅಕ್ಷರಗಳಲ್ಲಿ. ಅವು ಹಳೆಯ ಕಾಲದವು, ಆ ಅಕ್ಷರಗಳ ಗಂಟು, ಫಾಂಟ್ ಅನ್ನುತ್ತಾರಲ್ಲ ಅದು, ಕಂಪ್ಯೂಟರಿನಲ್ಲಿ ಇದ್ದರೆ ಮಾತ್ರ ಬರಹ ಕನ್ನಡವಾಗಿ ಕಾಣುತ್ತದೆ. ಗಂಟು ಬೆಂದ ಡಿಸ್ಕಿನ ಜೊತೆ ಹೋಗಿತ್ತು. ಅಚ್ಚಿನವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ವೀರೇಶಪ್ಪ ಹಳೆಯ ಅಕ್ಷರಗಳನ್ನು ಹೊಸದಕ್ಕೆ ಬದಲಿಸುವ ಎರಡು ಮೂರು ಸಾಧನ ಹಾಕಿ ನೋಡಿದ. ಯಾವುದಕ್ಕೂ ಇದರ ಗುರುತು ಹತ್ತಲಿಲ್ಲ. ಒಂದರಿಂದ ಮಾತ್ರ ಕನ್ನಡದ ಹಾಗೆ ಕಾಣುವ ಏನೋ ಬಂತು. ಹುಲಿಗೆಮ್ಮ ಅದನ್ನು ಗಟ್ಟಿಯಾಗಿ ಓದಲು ನೋಡಿದಳು, ಎರಡನೆಯ ಸಾಲಿಗೆ ನಿಲ್ಲಿಸಿ ಅಡುಗೆಮನೆಗೆ ಹೋದಳು. ಇಪ್ಪತ್ತೈದು ವರ್ಷದಲ್ಲಿ ನಾನು ಅವಳು ಆಸ್ಪತ್ರೆಯ ಯಾವ ಕಷ್ಟಕ್ಕೂ ಅತ್ತದ್ದು ಕಂಡಿಲ್ಲ. ಅಂದು ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು. ತಿಕ್ಕುವಂಥ ಪಾತ್ರೆ ಏನೂ ಇರಲಿಲ್ಲ. ನನಗೆ ನಾಚಿಕೆಯಾಯಿತು.

"ಹಳೇ ವಿಂಡೋಸಿಂದು ಏನರ ಎತ್ತಿಟ್ಟೀರೇನ್ರೀ ಸರ್?" ಎಂದ ವೀರೇಶಪ್ಪ. "ಫೈಲ್ ಅಲ್ರೀ, ಪೂರ್ತಿ ಸಿಸ್ಟಮ್ಮು?"

ಎರಡು ವರ್ಷದ ನಂತರ ನನಗೆ ಖಾಜಾಬಿಯವರ ಕಪಾಟು ನೆನಪಾಯಿತು. ಚಪ್ಪಲಿ ಇಲ್ಲದೆ ಓಡಿದೆ. ಅವರ ಬಾಗಿಲಿಗೆ ಬೀಗ. ದೇವದುರ್ಗದಲ್ಲಿ ಮಗಳ ಬಾಣಂತನಕ್ಕೆ ಹೋಗಿ ತಿಂಗಳಾಗಿತ್ತು. ಫೋನ್ ಮಾಡಿ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದೆ.

"ಕೀಲಿ ಯಾಕ್ರೀ ಸರ್? ನಿಮ್ಮ ಅಮಾನತ್ತು ನನ್ನ ಕಡೇನ ಅದ. ಮಂದಿ ಇಟ್ಟಿದ್ದನ್ನ ಖಾಲಿ ಮನ್ಯಾಗ ಬಿಟ್ಟು ಹೆಂಗ ಬರ್ಲಿ? ಗುನ್ಹೆ ಆಗ್ತದ."

ಎರಡು ವರ್ಷ ಅವರು ಹೋದಲ್ಲೆಲ್ಲ ಅದನ್ನು ಒಯ್ದಿದ್ದರು. ಒಂದು ಮದುವೆ, ಎರಡು ಉರುಸು, ಹೈದರಾಬಾದಿಗೆ ಒಮ್ಮೆ. ನಮ್ಮ ಕಂಪ್ಯೂಟರಿನ ಹೆಪ್ಪು ನಾನು ನೋಡದ ಊರುಗಳನ್ನೆಲ್ಲ ನೋಡಿ ಬಂದಿತ್ತು.

ಮುಂಜಾನೆಯ ಮೊದಲ ಬಸ್ಸಿಗೆ ಹೊರಟೆ. ಕಲ್ಮಲದಲ್ಲಿ ಬಸ್ಸು ನಿಂತಾಗ ಚಹಾ ಕುಡಿಯಲೂ ಇಳಿಯಲಿಲ್ಲ, ಬಸ್ಸು ಬಿಟ್ಟುಹೋದರೆ ಎಂಬ ಅಂಜಿಕೆ. ಖಾಜಾಬಿ ಅಕ್ಕಿಯ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಬಟ್ಟೆಯ ಚೀಲ ಎತ್ತಿದರು. "ಥಂಡಿ ಹತ್ತಬಾರ್ದು ಅಂತ ಅಕ್ಕ್ಯಾಗ ಇಟ್ಟೀನಿ" ಎಂದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕೈಮುಗಿದೆ, ಅವರಿಗೆ ಯಾಕೆಂದು ತಿಳಿಯಲಿಲ್ಲ. ಊಟ ಮಾಡದೆ ಹೋಗಕೂಡದು ಎಂದು ರೊಟ್ಟಿ ಮುಂದಿಟ್ಟರು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಿಂದೆ.

ವೀರೇಶಪ್ಪ ಅಂದು ಮಧ್ಯಾಹ್ನವೇ ಕೂತ. ಪರದೆಯ ಮೇಲೆ ಒಂದು ಪಟ್ಟಿ ಕಾಳು ಕಾಳಾಗಿ ತುಂಬುತ್ತಿತ್ತು. ಫ್ಯಾನು ತಿರುಗುವುದು ಈಗ ಕೇಳಿಸುತ್ತಿತ್ತು. ಹುಲಿಗೆಮ್ಮ ಹಿಂದೆ ನಿಂತಿದ್ದಳು, ಕೂರು ಎಂದರೂ ಕೂರಲಿಲ್ಲ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಕಣ್ಣು ಬಿಟ್ಟಿತು. ಬಿಟ್ಟದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ಆಗಿನದೇ ಚಿತ್ರ, ಆಗಿನದೇ ಫೋಲ್ಡರುಗಳು. ಮುಖ್ಯೋಪಾಧ್ಯಾಯರಿಗೆ ನಾನು ಬರೆದ ರಜೆ ಚೀಟಿ ಪರದೆಯ ಮೂಲೆಯಲ್ಲಿತ್ತು: ಅತ್ತೆಯವರ ಕಣ್ಣಿನ ಆಪರೇಷನ್ ಇರುವ ಕಾರಣ. ಅದರ ಪ್ರಕಾರ ಅತ್ತೆ ಇನ್ನೂ ಒಳಗಿನ ಕೋಣೆಯಲ್ಲಿ ಕೌದಿ ಹೊಲಿಯುತ್ತಿರಬೇಕು, ಯಾರು ಬಂದು ಯಾವ ಮಳೆ ಕೇಳಿದರೂ ಥಟ್ಟನೆ ಹೇಳಬೇಕು. ಒಂದು ಗಳಿಗೆ ನನಗೆ ಹೊಟ್ಟೆಕಿಚ್ಚಾಯಿತು. ಯಂತ್ರಕ್ಕೆ ಸಿಕ್ಕ ಈ ಸವಲತ್ತು ಮನುಷ್ಯರಿಗೆ ಯಾಕಿಲ್ಲ ಎಂದು.

ಹುಲಿಗೆಮ್ಮ ಪೆನ್‌ಡ್ರೈವ್ ಹಚ್ಚಿದಳು. ಕೊಕ್ಕೆ ಮೊಳೆಗಳೆಲ್ಲ ಹೋಗಿ, ಲಗ್ನಪತ್ರಿಕೆಯ ಬಳುಕುವ ಅಕ್ಷರಗಳಲ್ಲಿ ಮೊದಲ ಸಾಲು ಕಂಡಿತು: ಮಿರಗದ ಮಳೆ, ಗೌಡರ ಹಟ್ಟಿಯ ಹಿಂದಿನ ಮನೆ, ಹೆಣ್ಣು, ತಡವಾಗಿ ಅತ್ತಿತು. ಅವಳು ಕುರ್ಚಿಯಲ್ಲಿ ಕೂತಳು. ವೀರೇಶಪ್ಪ ಸ್ಕ್ರೂಡ್ರೈವರ್ ಜೇಬಿಗೆ ಹಾಕಿ, ಪ್ರಿಂಟ್ ಇವತ್ತೇ ತೆಗೆಸಿಬಿಡ್ರಿ ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೋದ. ತೆಗೆಸಿದೆವು, ಮೂರು ಪ್ರತಿ.

ಭಾನುವಾರ ಊರಿಗೆ ಹೋದೆವು. ಅತ್ತೆ ತಾವಿದ್ದ ಮಗನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹುಲಿಗೆಮ್ಮನನ್ನು ಕಂಡು ಮುಖ ಅರಳಿಸಿ, "ಬರ್ರಿ ಸಿಸ್ಟರ, ಇವತ್ತು ಇಂಜಕ್ಷನ್ ಬ್ಯಾಡ್ರಿ" ಎಂದರು.

ಹುಲಿಗೆಮ್ಮ ಚೀಲದಿಂದ ಹಾಳೆಗಳನ್ನು ತೆಗೆದಳು. ಆಮೇಲೆ ಹೋಗಿ ಪಕ್ಕದಲ್ಲಿ ಕೂತು, "ಇಂಜಕ್ಷನ್ ಇಲ್ರೀ ಅವ್ವಾ, ಒಂದಿಷ್ಟು ಓದಾಕ ಬಂದೀನಿ" ಎಂದಳು. ಒಂದೊಂದೇ ಹೆರಿಗೆ ಓದತೊಡಗಿದಳು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇರೆ ಯಾರದೋ ಸುದ್ದಿ ಕೇಳುವವರ ಹಾಗೆ "ಹೂಂ" ಎನ್ನುತ್ತಿದ್ದರು, ಕಷ್ಟದ ಹೆರಿಗೆ ಬಂದಾಗ ತುಟಿ ಕಚ್ಚುತ್ತಿದ್ದರು. ಬದುಕದ ಕೂಸುಗಳೂ ಅದರಲ್ಲಿ ಇದ್ದವು. ಆಗ ಕೈ ತಾನಾಗಿ ನೆಲ ಸವರುತ್ತಿತ್ತು.

ಮಧ್ಯದ ಒಂದು ಪುಟಕ್ಕೆ ಬಂದಾಗ ಹುಲಿಗೆಮ್ಮನ ದನಿ ಸಣ್ಣದಾಯಿತು. ಸ್ವಾತಿ ಮಳೆ. ಹೊಲದ ಗುಡಿಸಲು. ಹಳ್ಳ ಬಂದು ಯಾರೂ ದಾಟಿ ಬರಲಾಗಲಿಲ್ಲ. ಹಡೆದವಳೂ ಹೊಕ್ಕುಳ ಕೊಯ್ದವಳೂ ಒಬ್ಬಳೇ. ಹೆಣ್ಣು. ಅಳಲಿಲ್ಲ, ಬೆನ್ನು ತಟ್ಟಿ ತಟ್ಟಿ ಸಾಕಾಯಿತು.

ಅಲ್ಲಿಗೆ ಆ ಬರಹ ನಿಂತಿತ್ತು. ಹುಲಿಗೆಮ್ಮ ನನಗೆ ಎಂದೂ ಇದನ್ನು ಹೇಳಿರಲಿಲ್ಲ. ಅವಳ ದಾಖಲೆಯಲ್ಲಿಯೂ ಜೂನ್ ಒಂದೇ ಇದೆ.

ಅತ್ತೆ ಕಣ್ಣು ತೆರೆದರು. ಮೊದಲ ಸಲ ಹಾಳೆಯ ಕಡೆ ಬಾಗಿದರು.

"ಆ ಕೂಸು ಉಳೀತೇನ್ರೀ ಸಿಸ್ಟರ?"

"ಉಳೀತವ್ವಾ."

"ಯಾರ ಕೈಯಾಗ ಬೆಳೀತು?"

"ನಿನ್ನ ಕೈಯಾಗ."

ಅತ್ತೆ ತಮ್ಮ ಎರಡೂ ಅಂಗೈಗಳನ್ನು ತಿರುವಿ ನೋಡಿಕೊಂಡರು. ಸಮಾಧಾನವಾದವರಂತೆ ಮತ್ತೆ ಗೋಡೆಗೆ ಒರಗಿದರು.

"ಹಂಗಾರ ಚಲೋನೇ ಬೆಳೆದಿರ್ತದ ಬಿಡ್ರಿ" ಎಂದರು. "ಮುಂದಿಂದು ಓದ್ರಿ."